ಸಿದ್ಧ ರಿಗ್‌ಗಳನ್ನು ಪರೀಕ್ಷಿಸದೆ ದಡದಿಂದ ಬೀಸಬೇಡಿ

ಕಡಲ ದಡದಲ್ಲಿ ನಿಂತು ಗಾಳ ಹಾಕುವವರು, ಅದರಲ್ಲೂ ಪ್ಯಾಕೆಟ್ಟಿನಲ್ಲಿ ಕಟ್ಟಿಟ್ಟು ಮಾರುವ ರಿಗ್‌ಗಳನ್ನು (ಕೊಕ್ಕೆಗಳನ್ನೂ ಸೀಸದ ಕೊಂಡಿಯನ್ನೂ ಸೇರಿಸಿ ಕಟ್ಟಿದ ದಾರ) ಕೊಂಡು ತಂದು ನೇರವಾಗಿ ಲೀಡರ್‌ಗೆ (ಬೀಸುವ ರಭಸ ತಾಳಲೆಂದು ರೀಲಿನ ದಾರದ ತುದಿಗೆ ಕಟ್ಟುವ ದಪ್ಪ ದಾರ) ಸಿಕ್ಕಿಸಿ ಬೀಸುವವರು, ದಯವಿಟ್ಟು ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಇತ್ತೀಚೆಗೆ ನಾವು ಕೆಲವರು ಸೇರಿ ಗಾಳ ಹಾಕುತ್ತಿದ್ದಾಗ, ಜೊತೆಯಲ್ಲಿದ್ದ ಅನುಭವಿಗಳೊಬ್ಬರು 150 ಗ್ರಾಂ ತೂಕದ ಸೀಸ ಕಟ್ಟಿದ್ದ ಎರಡು ಕೊಕ್ಕೆಯ ಹೊಸ ರಿಗ್ಗನ್ನು ಪೂರ್ಣ ಬಲದಿಂದ ಬೀಸಿದರು. ರಾಡ್ ಬಾಗಿ ಬಿರುಸಾಗಿ ಮುಂದಕ್ಕೆ ಬರುತ್ತಿದ್ದ ಕ್ಷಣದಲ್ಲೇ ಚಟ್ ಎಂಬ ಸದ್ದಾಯಿತು. ಸಮುದ್ರದ ಕಡೆಗೆ ಹೋಗಬೇಕಿದ್ದ ಸೀಸ ದಡದ ಉದ್ದಕ್ಕೆ, ಆಳೆತ್ತರದಲ್ಲಿ ಬಲಕ್ಕೆ ಹಾರಿ, ಮಗುವಿನ ಕೈ ಹಿಡಿದು ನೀರಂಚಿನಲ್ಲಿ ನಡೆದು ಬರುತ್ತಿದ್ದ ಮಹಿಳೆಯೊಬ್ಬರ ಮುಂದೆ ಕೆಲವೇ ಹೆಜ್ಜೆಗಳ ಅಂತರದಲ್ಲಿ ಹಸಿ ಮರಳಿನೊಳಗೆ ಹೂತುಹೋಯಿತು. ಹೋದದ್ದು ಸೀಸವೊಂದೇ ಅಲ್ಲ. ಅದರ ಬೆನ್ನಿಗೆ ಕೆಳಗಿನ ಕೊಕ್ಕೆಯೂ ಎರೆಯ ಸಮೇತ ಹಾರಿತ್ತು. ಯಾರಿಗೂ ಗಾಯವಾಗಲಿಲ್ಲ. ಆದರೆ ಆ ವೇಗದಲ್ಲಿ ಬರುವ ಸೀಸ ತಲೆಗೆ ತಗುಲಿದರೆ ಮನುಷ್ಯ ಉಳಿಯುವುದು ಕಷ್ಟ, ಉಳಿದರೂ ಮೊದಲಿನಂತೆ ಇರಲಾರ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಎಲ್ಲರ ಅನುಮಾನ ಹೋದದ್ದು ಶಾಕ್ ಲೀಡರ್ ಎಂದೂ ಕರೆಯುವ ಆ ಲೀಡರ್‌ನ ಗಂಟಿನ ಮೇಲೆ, ಏಕೆಂದರೆ ದಡದ ಗಾಳದಲ್ಲಿ ಬೀಸುವಾಗ ದಾರ ತುಂಡಾಯಿತೆಂದರೆ ಸಾಮಾನ್ಯವಾಗಿ ಅಲ್ಲಿಯೇ ತುಂಡಾಗಿರುತ್ತದೆ. ಆದರೆ ಗಂಟು ಹಾಗೆಯೇ ಗಟ್ಟಿಯಾಗಿತ್ತು, ಲೀಡರ್‌ನಲ್ಲಿ ಒಂದು ಗೀರೂ ಇರಲಿಲ್ಲ. ರಿಗ್‌ನ ಮೇಲಿನ ಸ್ವಿವೆಲ್ (ದಾರ ಹುರಿಗೊಳ್ಳದಂತೆ ತಿರುಗುವ ಲೋಹದ ಕೊಂಡಿ), ಅದರ ಕೆಳಗೆ ಗೇಣುದ್ದದ ದಾರ, ಅದರ ತುದಿಯಲ್ಲಿ ಮೇಲಿನ ಕೊಕ್ಕೆಯ ಕವಲು ದಾರವನ್ನು ಹಿಡಿದಿಡುವ ಸಣ್ಣ ಮಣಿ, ಇಷ್ಟು ರಾಡ್‌ನ ಕಡೆಯೇ ಉಳಿದಿತ್ತು. ತುಂಡಾದದ್ದು ಆ ಮಣಿಯನ್ನು ಅಲುಗದಂತೆ ನಿಲ್ಲಿಸಲು ಒತ್ತಿದ್ದ ಲೋಹದ ಪುಟ್ಟ ಕೊಳವೆ, ಅಂದರೆ ಕ್ರಿಂಪ್‌ನ ಕೆಳ ಅಂಚಿನಲ್ಲಿ. ಅದೇ ಪ್ಯಾಕೆಟ್ಟಿನ ಇನ್ನೊಂದು ರಿಗ್ಗನ್ನು ತೆಗೆದು, ಕ್ರಿಂಪನ್ನು ಮೆಲ್ಲಗೆ ಪಕ್ಕಕ್ಕೆ ಜರುಗಿಸಿ ಭೂತಗನ್ನಡಿಯಲ್ಲಿ ನೋಡಿದಾಗ ಕಾರಣ ಸ್ಪಷ್ಟವಾಯಿತು. ದುಂಡಗಿರಬೇಕಾದ ನೈಲಾನ್ ದಾರ ಅಲ್ಲಿ ಚಪ್ಪಟೆಯಾಗಿತ್ತು. ಪಾರದರ್ಶಕವಾಗಿರಬೇಕಾದುದು ಹಾಲಿನಂತೆ ಬೆಳ್ಳಗಾಗಿತ್ತು. ಕ್ರಿಂಪ್‌ನ ಚೂಪು ಅಂಚು ಒತ್ತಿದಲ್ಲಿ ಉಗುರಿಗೆ ತಗಲುವಷ್ಟು ಆಳದ ಗೆರೆ ಬಿದ್ದಿತ್ತು. ಹೀಗೆ ಬಿಳಿಚಿಕೊಂಡ ನೈಲಾನ್ ತನ್ನ ಬಲವನ್ನು ಆಗಲೇ ಕಳೆದುಕೊಂಡಿರುತ್ತದೆ. ಅಂಥ ಗುರುತು ಎಲ್ಲಿ ಕಂಡರೂ, ಅದು ಕ್ರಿಂಪ್‌ನ ಕೆಳಗಿರಲಿ, ಒಣದಾರದಲ್ಲಿ ಬಿಗಿದ ಗಂಟಿನ ಪಕ್ಕದಲ್ಲಿರಲಿ, ಆ ತುಂಡನ್ನು ಬೀಸಲು ಬಳಸಲೇಬಾರದು.

ಎರಡನೆಯ ದೋಷ ಇದಕ್ಕಿಂತ ದೊಡ್ಡದು. ಪ್ಯಾಕೆಟ್ಟಿನ ಮುಖದ ಮೇಲೆ ದಪ್ಪ ಅಕ್ಷರಗಳಲ್ಲಿ 60 ಪೌಂಡ್ ಎಂದು ಮುದ್ರಿಸಲಾಗಿತ್ತು. ಕೊಳ್ಳುವ ಯಾರೇ ಆದರೂ ಅದನ್ನು ಇಡೀ ರಿಗ್‌ನ ತಾಳಿಕೆ ಎಂದೇ ಓದಿಕೊಳ್ಳುತ್ತಾರೆ. ಹಿಂಬದಿಯಲ್ಲಿ, ಕಣ್ಣಿಗೆ ಹತ್ತಿರ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ, ಆ ಸಂಖ್ಯೆ ಸ್ವಿವೆಲ್‌ಗೆ ಸಂಬಂಧಿಸಿದ್ದೆಂದು ಬರೆದಿತ್ತು. ಮುಖ್ಯ ದಾರದ ತಾಳಿಕೆ ಎಷ್ಟೆಂಬುದು ಎಲ್ಲಿಯೂ ಇರಲಿಲ್ಲ. ಮೈಕ್ರೋಮೀಟರ್ ಹಿಡಿದು ಅಳೆದರೆ ನಮ್ಮ ಶಾಕ್ ಲೀಡರ್ ಸುಮಾರು 0.75 ಮಿ.ಮೀ. ದಪ್ಪವಿದ್ದು, ರಿಗ್‌ನ ದಾರ 0.50 ಮಿ.ಮೀ. ಮಾತ್ರ ಇತ್ತು. ಆ ದಪ್ಪದ ಸಾಮಾನ್ಯ ನೈಲಾನ್ ಸುಮಾರು 30 ಪೌಂಡ್‌ನದು. ಉಳಿದಿದ್ದ ರಿಗ್ಗೊಂದನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ನಿಧಾನವಾಗಿ ಎಳೆದಾಗ ಮುಳ್ಳು 11 ಕಿಲೋ ತಲುಪುವ ಮೊದಲೇ ಅದೇ ಕ್ರಿಂಪ್‌ನ ಬುಡದಲ್ಲಿ ಅದು ಹರಿಯಿತು.

ದಡದಿಂದ ಬೀಸುವವರೆಲ್ಲ ಪಾಲಿಸುವ ಲೆಕ್ಕವೊಂದಿದೆ: ಸೀಸದ ಪ್ರತಿ ಔನ್ಸ್ ತೂಕಕ್ಕೆ 10 ಪೌಂಡ್ ತಾಳಿಕೆಯ ಲೀಡರ್. ಒಂದು ಔನ್ಸ್ ಎಂದರೆ 28 ಗ್ರಾಂಗಿಂತ ಸ್ವಲ್ಪ ಹೆಚ್ಚು. ಹಾಗಾಗಿ 150 ಗ್ರಾಂ ಸೀಸ 5 ಔನ್ಸ್ ದಾಟುತ್ತದೆ, ಲೀಡರ್ 50 ಪೌಂಡ್‌ಗಿಂತ ಕಡಿಮೆ ಇರುವಂತಿಲ್ಲ, 60 ಇದ್ದರೆ ನೆಮ್ಮದಿ. ಲೀಡರ್ ವಿಷಯದಲ್ಲಿ ಈ ನಿಯಮವನ್ನು ಶ್ರದ್ಧೆಯಿಂದ ಪಾಲಿಸುವವರೂ ರಿಗ್ ವಿಷಯದಲ್ಲಿ ಮರೆಯುತ್ತಾರೆ, ಮಾರುವವರು ಮರೆಸುತ್ತಾರೆ. ಬೀಸುವ ರಭಸ ರಾಡ್‌ನ ತುದಿಯಿಂದ ಸೀಸದವರೆಗಿನ ಪ್ರತಿಯೊಂದು ಅಂಗುಲದ ಮೇಲೂ ಬೀಳುತ್ತದೆ. ಮುಖ್ಯ ದಾರ, ಸ್ವಿವೆಲ್, ಗಂಟು, ಸೀಸ ಸಿಕ್ಕಿಸುವ ಕೊಂಡಿ, ಇವುಗಳಲ್ಲಿ ಯಾವುದೊಂದು ಲೀಡರ್‌ಗಿಂತ ದುರ್ಬಲವಾಗಿದ್ದರೂ ಲೀಡರ್ ಕಟ್ಟಿದ್ದೇ ವ್ಯರ್ಥ. ಕೊಕ್ಕೆಗೆ ಹೋಗುವ ಕವಲು ದಾರ ಮಾತ್ರ ತೆಳ್ಳಗಿರಬಹುದು, ಏಕೆಂದರೆ ಸೀಸದ ಭಾರ ಅದರ ಮೇಲೆ ಬೀಳುವುದಿಲ್ಲ.

ಎರೆಯ ತೂಕವನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಂದು ಎರಡೂ ಕೊಕ್ಕೆಗಳಲ್ಲಿ ಬಂಗುಡೆಯ ದಪ್ಪ ತುಂಡುಗಳಿದ್ದವು. ಅಂಥ ಎರಡು ತುಂಡುಗಳ ತೂಕ ಇನ್ನೊಂದು ಸಣ್ಣ ಸೀಸದಷ್ಟೇ ಆಗುತ್ತದೆ, ಅದೂ ನೀರು ಹೀರಿಕೊಂಡು ಗಾಳಿಯಲ್ಲಿ ಓಲಾಡುವ ಸೀಸ. ಬೀಸುವಾಗ ಎರೆ ತನ್ನ ಕವಲು ದಾರದ ತುದಿಯಲ್ಲಿ ಜೋತಾಡಿ, ಮುಖ್ಯ ದಾರವನ್ನು ಮಣಿಯ ಬಳಿ ಪಕ್ಕಕ್ಕೆ ಜಗ್ಗುತ್ತದೆ. ಕ್ರಿಂಪ್‌ನ ಅಂಚಿನ ಮೇಲೆ ದಾರ ಮಡಿದು ಸವೆಯುವುದು ಆ ಜಗ್ಗುವಿಕೆಯಿಂದಲೇ. ದೂರ ಬೀಸಬೇಕೆಂದರೆ ಎರೆ ಚಿಕ್ಕದಾಗಿರಬೇಕು, ಇಲ್ಲವೇ ಕೊಕ್ಕೆಯನ್ನು ಸೀಸದ ಮೇಲ್ಭಾಗದ ಕ್ಲಿಪ್‌ಗೆ ಸಿಕ್ಕಿಸಿ ಎರೆ ಸೀಸದ ಬೆನ್ನಿಗೇ ಅಂಟಿಕೊಂಡು ಹಾರುವಂತೆ ಮಾಡಬೇಕು. ಸೀಸ ನೀರಿಗೆ ಬಡಿದು ದಾರ ಸಡಿಲವಾದಾಗ ಕೊಕ್ಕೆ ಕ್ಲಿಪ್‌ನಿಂದ ತಾನಾಗಿ ಕಳಚಿಕೊಳ್ಳುತ್ತದೆ. ನಾವು ಕೊಂಡ ರಿಗ್‌ಗಳಲ್ಲಿ ಕ್ಲಿಪ್ಪೇನೋ ಇತ್ತು, ಆದರೆ ಕವಲು ದಾರ ಅಗತ್ಯಕ್ಕಿಂತ ಉದ್ದವಾಗಿದ್ದುದರಿಂದ ಕೊಕ್ಕೆ ಅದರಲ್ಲಿ ನಿಲ್ಲುತ್ತಲೇ ಇರಲಿಲ್ಲ. ಕ್ಲಿಪ್‌ನಲ್ಲಿ ಕವಲು ದಾರ ಸ್ವಲ್ಪ ಬಿಗಿಯಾಗಿಯೇ ಇರಬೇಕು. ಸಡಿಲವಾಗಿದ್ದರೆ ಬೀಸುವ ಮಧ್ಯದಲ್ಲೇ ಕಳಚಿ, ಎರೆ ಬಿಡುಬೀಸಾಗಿ ಸುತ್ತತೊಡಗುತ್ತದೆ.

ಆ ಅವಘಡಕ್ಕೆ ಮೊದಲೇ ಅದೇ ಪ್ಯಾಕೆಟ್ಟಿನ ರಿಗ್‌ಗಳು ಬೇರೆ ರೀತಿಯಲ್ಲೂ ಕಾಟ ಕೊಟ್ಟಿದ್ದವು. ಎರಡು ಕವಲುಗಳ ನಡುವಿನ ಅಂತರ ಕವಲು ದಾರದ ಉದ್ದಕ್ಕಿಂತ ಕಡಿಮೆಯಿತ್ತು. ಹೀಗಿದ್ದರೆ ಮೇಲಿನ ಕೊಕ್ಕೆ ಕೆಳಗಿನ ಕವಲಿಗೆ ತಲುಪುತ್ತದೆ, ಅಲೆಯ ಹೊಯ್ದಾಟದಲ್ಲಿ ಎರಡೂ ಹೆಣೆದುಕೊಂಡು ಮೇಲೆ ಬರುವಾಗ ಬಿಡಿಸಲಾಗದ ಸಿಕ್ಕಾಗಿರುತ್ತವೆ. ಎರಡು ಕವಲುಗಳ ಉದ್ದವನ್ನು ಕೂಡಿಸಿದರೂ ಅವುಗಳ ನಡುವಿನ ಅಂತರಕ್ಕಿಂತ ಕಡಿಮೆಯಾಗಬೇಕು. ಆಗ ಒಂದರ ಕೊಕ್ಕೆ ಇನ್ನೊಂದರ ಕೊಕ್ಕೆಯನ್ನು ಮುಟ್ಟಲು ಸಾಧ್ಯವೇ ಇಲ್ಲ. ಸಿಕ್ಕಾದ ಎರೆಯನ್ನು ಮೀನು ಮುಟ್ಟುವುದು ಅಪರೂಪ. ಗಂಟೆಗಟ್ಟಲೆ ಕಾದು ಕುಳಿತವರು ಮೀನಿಲ್ಲವೆಂದು ಸಮುದ್ರವನ್ನು ದೂರುತ್ತಾರೆ, ಆದರೆ ತಳದಲ್ಲಿರುವುದು ದಾರದ ಉಂಡೆ.

ಕೊಕ್ಕೆಯ ವಿಷಯಕ್ಕೆ ಬಂದರೆ, ಆ ರಿಗ್‌ಗಳಲ್ಲಿದ್ದುದು ದಪ್ಪ ತಂತಿಯ, ಗಿಡ್ಡ ಕಾಲಿನ, ಬಾಯಿ ಕಿರಿದಾದ ಕೊಕ್ಕೆಗಳು. ಕಡಲ ಹುಳುವಿನಂಥ ಎರೆಗೆ ಅವು ಸಲ್ಲುವುದೇ ಇಲ್ಲ: ದಪ್ಪ ತಂತಿ ತೂರುತ್ತಿದ್ದಂತೆ ಹುಳು ಬಿರಿದು ರಸವೆಲ್ಲ ಸೋರಿ, ಬೀಸುವ ಹೊತ್ತಿಗೆ ಖಾಲಿ ಸಿಪ್ಪೆ ಉಳಿಯುತ್ತದೆ. ಹುಳುವಿಗೆ ಬೇಕಾದದ್ದು ತೆಳು ತಂತಿಯ, ಉದ್ದ ಕಾಲಿನ ಕೊಕ್ಕೆ. ಮೀನಿನ ತುಂಡಿಗೆ ಕೊಕ್ಕೆಯ ಬಾಯಿ ಅಗಲವಾಗಿರಬೇಕು, ಏಕೆಂದರೆ ತುಂಡು ಆ ಬಾಯಿಯನ್ನು ತುಂಬಿಬಿಟ್ಟರೆ ಮೊನೆ ಮೀನಿನ ತುಟಿಗೆ ತಲುಪದು. ಹೊಸಬರಿಗೆ ಒಂದು ಮಾತು: 6 ಕ್ಕಿಂತ 2 ನೇ ನಂಬರಿನ ಕೊಕ್ಕೆ ದೊಡ್ಡದು, ಆದರೆ 1/0 ಕ್ಕಿಂತ 4/0 ದೊಡ್ಡದು. ಇದನ್ನು ತಿಳಿಯದೆ ಪ್ಯಾಕೆಟ್ಟಿನ ಸಂಖ್ಯೆ ನೋಡಿ ಕೊಳ್ಳುವವರು ಬಹಳ.

ಎರೆ ಕಟ್ಟುವ ಕ್ರಮವನ್ನೂ ಇಲ್ಲಿಯೇ ಹೇಳುವುದು ಒಳ್ಳೆಯದು. ಭೂತಾಯಿಯಂಥ ಮೆದು ಮೀನಿನ ತುಂಡನ್ನು ಬರಿದೇ ಚುಚ್ಚಿ ಬೀಸಿದರೆ ಬಹಳಷ್ಟು ಸಲ ಅದು ಗಾಳಿಯಲ್ಲೇ ಕಳಚಿ ಬೇರೆಡೆ ಬೀಳುತ್ತದೆ. ಬೀಳದೆ ಉಳಿದರೆ ಕೆಳಕ್ಕೆ ಜಾರಿ ಕೊಕ್ಕೆಯ ಬಾಗಿನಲ್ಲಿ ಮುದ್ದೆಯಾಗಿ ಮೊನೆಯನ್ನು ಮುಚ್ಚುತ್ತದೆ. ತುಂಡನ್ನು ಉದ್ದವಾಗಿ ಸೀಳಿ, ಕೊಕ್ಕೆಯ ಕಾಲಿನ ಉದ್ದಕ್ಕೆ ಇಟ್ಟು, ಎರೆ ಕಟ್ಟುವ ತೆಳುವಾದ ಎಲಾಸ್ಟಿಕ್ ದಾರವನ್ನು ಮೇಲಿನಿಂದ ಕೆಳಕ್ಕೆ, ಮತ್ತೆ ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ ತುದಿಯನ್ನು ಎಳೆದು ಹರಿದರೆ ಸಾಕು, ಗಂಟೇ ಬೇಕಾಗುವುದಿಲ್ಲ. ಎರೆಯ ಮೇಲ್ತುದಿ ಕೊಕ್ಕೆಯ ಕಣ್ಣಿನ ಬಳಿ ಬಿಗಿಯಾಗಿ ನಿಲ್ಲಬೇಕು, ಎರಡೂ ತುದಿ ಕಿರಿದಾಗಿ ಗಾಳಿಯನ್ನು ಸೀಳುವಂತಿರಬೇಕು, ಮೊನೆ ಮತ್ತು ಹಿಂಮುಳ್ಳು ಎರಡೂ ಹೊರಗೆ ಕಾಣಬೇಕು. ಮೆದು ಮೀನಿನ ಸುತ್ತ ಬೊಂಡಾಸದ (ಸ್ಕ್ವಿಡ್) ತೆಳು ಪಟ್ಟಿಯೊಂದನ್ನು ಸುತ್ತಿದರೆ ಎರೆ ಇನ್ನಷ್ಟು ಹೊತ್ತು ಬಾಳುತ್ತದೆ, ಏಡಿಗಳೂ ಬೇಗ ಕಿತ್ತುಕೊಳ್ಳಲಾರವು. ಮೊನೆ ಒಳಕ್ಕೆ ಬಾಗಿರುವ ಸರ್ಕಲ್ ಕೊಕ್ಕೆ ಬಳಸುವವರಂತೂ ಬಾಯಿಯನ್ನು ಪೂರ್ತಿ ತೆರವಾಗಿಡಲೇಬೇಕು, ಮತ್ತು ಮೀನು ಕಚ್ಚಿದಾಗ ರಾಡನ್ನು ಜಗ್ಗದೆ ದಾರವನ್ನು ನಿಧಾನವಾಗಿ ಬಿಗಿಗೊಳಿಸಬೇಕು. ಆಗ ಕೊಕ್ಕೆ ಮೀನಿನ ಬಾಯಿಯ ಮೂಲೆಗೆ ತಾನಾಗಿ ತಿರುಗಿ ನಾಟುತ್ತದೆ. ಮೊನೆ ಮುಚ್ಚಿದ ಸಾಮಾನ್ಯ ಕೊಕ್ಕೆಯನ್ನು ಮೀನು ಎರೆಯೊಂದಿಗೆ ನುಂಗಿ, ಅದು ಗಂಟಲಿನಾಚೆ ನಾಟುವುದುಂಟು. ಆ ಪ್ಯಾಕೆಟ್ಟಿನ ಕೊಕ್ಕೆಗಳಿಂದ ಮರಳಿ ಬಿಡಬೇಕಾಗಿದ್ದ ಎಳೆಯ ಮೀನುಗಳೂ ಹೀಗೆ ಸತ್ತವು, ಅದು ನನಗೆ ಇನ್ನೂ ನೋವಿನ ಸಂಗತಿ.

ಕಲ್ಲುಬಂಡೆಗಳಿರುವ ತಳದಲ್ಲಿ ಸೀಸ ಸಿಕ್ಕಿಕೊಂಡರೆ ಬಿಟ್ಟುಕೊಡುವಂತೆ ಬೇಕೆಂದೇ ತೆಳುದಾರದ ಕೊಂಡಿಯನ್ನು ಇಡುವ ಪದ್ಧತಿಯಿದೆ. ಮಾರಿದವರಲ್ಲಿ ವಿಚಾರಿಸಿದಾಗ ಸಿಕ್ಕ ಉತ್ತರವೂ ಅದೇ: “ಇದು ಬಂಡೆ ಜಾಗಕ್ಕೆ ಮಾಡಿದ್ದು ಸಾರ್, ಹರಿಯಲೆಂದೇ ಹಾಗಿದೆ.” ಈ ಮಾತನ್ನು ನಂಬಬೇಡಿ. ಸರಿಯಾಗಿ ಮಾಡಿದ ತೆಳು ಕೊಂಡಿ ಬೀಸುವಾಗ ಭಾರ ಹೊರುವುದೇ ಇಲ್ಲ. ಗಟ್ಟಿ ಕ್ಲಿಪ್ಪೊಂದು ಸೀಸವನ್ನು ಹಿಡಿದಿದ್ದು, ಸೀಸ ನೀರಿಗೆ ಬಿದ್ದ ಮೇಲಷ್ಟೇ ಕಳಚಿ ಭಾರವನ್ನು ತೆಳುದಾರಕ್ಕೆ ವರ್ಗಾಯಿಸುತ್ತದೆ. ಬೀಸುವ ರಭಸವನ್ನೇ ತೆಳುದಾರ ತಡೆಯಬೇಕಾದ ರಚನೆ ಯಾವ ತಳಕ್ಕೂ ಸರಿಯಲ್ಲ.

ಇಷ್ಟೆಲ್ಲ ಆದರೂ ಸಿದ್ಧ ರಿಗ್ ಕೊಳ್ಳಲೇಬೇಡಿ ಎಂದು ನಾನು ಹೇಳುವುದಿಲ್ಲ, ಚೆನ್ನಾಗಿ ಕಟ್ಟಿದವೂ ಸಿಗುತ್ತವೆ. ಆದರೆ ಪ್ಯಾಕೆಟ್ಟಿನಲ್ಲಿ ಮುಖ್ಯ ದಾರದ ತಾಳಿಕೆ, ಕವಲು ದಾರದ ತಾಳಿಕೆ ಮತ್ತು ಬೀಸಬಹುದಾದ ಗರಿಷ್ಠ ಸೀಸದ ತೂಕ ಬೇರೆಬೇರೆಯಾಗಿ ಬರೆದಿರದಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ. ಕೊಂಡು ತಂದ ಮೇಲೆ ಒಂದನ್ನು ಪರೀಕ್ಷೆಗೆಂದೇ ಬಲಿಕೊಡಿ: ಕೊಕ್ಕೆಗಳನ್ನು ಕತ್ತರಿಸಿ ತೆಗೆದು, ಕೈಗವಸು ಮತ್ತು ಕನ್ನಡಕ ಧರಿಸಿ, ಒಂದು ತುದಿಯನ್ನು ಗಟ್ಟಿ ಕಂಬಕ್ಕೂ ಇನ್ನೊಂದನ್ನು ತಕ್ಕಡಿಗೂ ಕಟ್ಟಿ ನಿಧಾನವಾಗಿ ಎಳೆಯಿರಿ. ಹರಿದ ದಾರ ಚಿಮ್ಮುವ ನೇರದಲ್ಲಿ ಮುಖ ಇರಬಾರದು. ಉಳಿದವುಗಳ ಕ್ರಿಂಪ್‌ಗಳನ್ನು ಒಂದೊಂದಾಗಿ ಜರುಗಿಸಿ ಕೆಳಗಿನ ದಾರ ನೋಡಿ. ಸ್ವತಃ ಕಟ್ಟಿಕೊಳ್ಳುವವರು ಕ್ರಿಂಪ್‌ನ ಬದಲು ದಾರದಿಂದಲೇ ಹಾಕುವ ಸ್ಟಾಪ್ ಗಂಟನ್ನು ಮಣಿಯ ಎರಡೂ ಬದಿಗೆ ಬಿಗಿದರೆ ಮುಖ್ಯ ದಾರಕ್ಕೆ ಗಾಯವೇ ಆಗುವುದಿಲ್ಲ. ಬೇಕಾದಾಗ ಕವಲನ್ನು ಮೇಲೆ ಕೆಳಗೆ ಸರಿಸಲೂಬಹುದು. ಯಾವ ಗಂಟನ್ನೇ ಆಗಲಿ ಬಿಗಿಯುವ ಮೊದಲು ಒದ್ದೆ ಮಾಡಿ, ಒಣಗಿದ ನೈಲಾನ್ ತನ್ನ ಮೇಲೆ ತಾನೇ ಉಜ್ಜಿಕೊಂಡು ಬಿಸಿಯಾಗಿ ಸುಟ್ಟುಕೊಳ್ಳುತ್ತದೆ.

ದಡದಲ್ಲಿ ಬೀಸುವ ಮುನ್ನ ಬೆನ್ನ ಹಿಂದೆ ಮಾತ್ರವಲ್ಲ, ಎರಡೂ ಪಕ್ಕದಲ್ಲಿ ದೂರದವರೆಗೆ ನೋಡಿ. ದಾರ ಬೀಸುವ ಆರಂಭದಲ್ಲೇ ಹರಿದರೆ ಸೀಸ ಮುಂದಕ್ಕೆ ಹೋಗುವುದಿಲ್ಲ, ಪಕ್ಕಕ್ಕೇ ಹೋಗುತ್ತದೆ. ಯಾರಾದರೂ ನಡೆದು ಬರುತ್ತಿದ್ದರೆ ಅವರು ದಾಟಿ ದೂರ ಹೋಗುವವರೆಗೆ ರಾಡನ್ನು ಇಳಿಸಿ ಕಾಯಬೇಕು.

ಈ ಬಗೆಯ ರಿಗ್‌ಗಳು ಈಗಾಗಲೇ ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಅವನ್ನು ಇನ್ನೊಬ್ಬರಿಗೆ ದಾಟಿಸಬೇಡಿ. ಸ್ವಿವೆಲ್‌ಗಳನ್ನೂ ಕೊಕ್ಕೆಗಳನ್ನೂ ಬಿಡಿಸಿ ಇಟ್ಟುಕೊಂಡು, ದಾರವನ್ನು ಬೆರಳುದ್ದದ ತುಂಡುಗಳಾಗಿ ಕತ್ತರಿಸಿ ಮನೆಯ ಕಸದೊಂದಿಗೆ ಹಾಕಿ. ದಡದಲ್ಲಿ ಬಿಟ್ಟ ಉದ್ದನೆಯ ನೈಲಾನ್ ವರ್ಷಗಟ್ಟಲೆ ಕೊಳೆಯದೆ ಹಕ್ಕಿಗಳ ಕಾಲಿಗೂ ಆಮೆಗಳ ಕೊರಳಿಗೂ ಸುತ್ತಿಕೊಳ್ಳುತ್ತದೆ.