ಹೆಬ್ಬಾಳ ಜಂಕ್ಷನ್: ಹೊಸ ಲೂಪ್‌ಗೆ ಒಳ್ಳೆ ಅಂಕ, ಕೆಳಗಿನ ಬಸ್‌ಸ್ಟಾಪ್‌ಗೆ ಇಲ್ಲ

ಕೆ.ಆರ್. ಪುರ, ನಾಗವಾರದ ಕಡೆಯಿಂದ ಮೇಖ್ರಿ ವೃತ್ತಕ್ಕೆ ಹೋಗುವವರಿಗೆ 2025ರ ಆಗಸ್ಟ್‌ನಲ್ಲಿ ತೆರೆದ ಹೆಬ್ಬಾಳದ ಲೂಪ್ (ಫ್ಲೈಓವರ್‌ಗೆ ಸೇರುವ ಬಳಸು ರ್‍ಯಾಂಪ್) ನಿಜಕ್ಕೂ ಉಪಯೋಗಕ್ಕೆ ಬಂದಿದೆ. ಉದ್ದ ಸುಮಾರು 700 ಮೀಟರ್ ಅಷ್ಟೇ. ಆದರೆ ಪೆಟ್ಟು ಬಿದ್ದಿರುವುದು ಸರಿಯಾದ ಜಾಗಕ್ಕೆ.

ಹಳೆಯ ಫ್ಲೈಓವರ್ 2003ರದ್ದು. ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇನಲ್ಲಿ. ಅಲ್ಲಿಂದಾಚೆ ಬಳ್ಳಾರಿ ರಸ್ತೆಯ ವಾಹನಗಳೂ ಹೊರ ವರ್ತುಲ ರಸ್ತೆಯಿಂದ ಹತ್ತಿ ಬರುವವೂ ಸೇತುವೆ ಮೇಲಿನ ಅದೇ ಇಕ್ಕಟ್ಟಿಗೆ ನುಗ್ಗತೊಡಗಿದವು. ಒಂದು ಪಥದಲ್ಲಿ ವಾಹನಗಳು ಸರಾಗವಾಗಿ ಹರಿದರೂ ಗಂಟೆಗೆ 1,800ರ ಆಸುಪಾಸಿನಲ್ಲಿ ಕಾರು ದಾಟಬಹುದು. ಎರಡು ಸಾಲು ಒಂದಾಗುವ ಕಡೆ ಮುಂದಿನವನು ಬ್ರೇಕ್ ಒತ್ತಿದರೆ ಹಿಂದಿನವನು ಇನ್ನೂ ಜೋರಾಗಿ ಒತ್ತುತ್ತಾನೆ, ಅಷ್ಟೂ ಸಿಗುವುದಿಲ್ಲ. ಹೊಸ ಲೂಪ್ ಒಂದು ಹರಿವನ್ನು ಬೇರ್ಪಡಿಸಿ ಈ ಗುದ್ದಾಟ ತಗ್ಗಿಸಿದೆ. ಆದರೂ ಇಳಿದ ಮೇಲೆ ಎಲ್ಲರಿಗೂ ಸಿಗುವುದು ಮೇಖ್ರಿ ವೃತ್ತದ ಅದೇ ರಸ್ತೆ. ಬೆಳಗಿನ ಹೊತ್ತಿನ ಸಾಲು ಕರಗಿಲ್ಲ, ಅದರಲ್ಲೊಂದು ಪಾಲು ಮುಂದಕ್ಕೆ ಸರಿದಿದೆ.

ಫ್ಲೈಓವರ್ ಕೆಳಗಿನ ಕಥೆ ಬೇರೆ. ಎಸ್ಟೀಮ್ ಮಾಲ್ ಬದಿಯಲ್ಲಿ ಯಲಹಂಕ, ದೇವನಹಳ್ಳಿ ಕಡೆಯ ಬಸ್ಸಿಗೆ ಕಾಯುವವರನ್ನು ನೋಡಿ. ಒಂದು ಬಸ್ಸಿನ ಉದ್ದ 12 ಮೀಟರ್. ಮೂರು ಬಸ್ ಒಟ್ಟಿಗೆ ಬಂದರೆ ನಡುವಿನ ಅಂತರ ಸೇರಿ 40 ಮೀಟರ್ ಮೀರುತ್ತದೆ. ಅಷ್ಟು ಜಾಗ ಬಿಡದಿದ್ದರೆ ಮೂರನೆಯ ಬಸ್ ರಸ್ತೆಯಲ್ಲೇ ನಿಲ್ಲುತ್ತದೆ, ಜನ ಅದರತ್ತ ಓಡುತ್ತಾರೆ, ಹಿಂದಿನ ಆಟೊ ಬಲಕ್ಕೆ ಎಳೆಯುತ್ತದೆ. ಚಾಲಕನನ್ನು ಬೈದು ಫಲವಿಲ್ಲ, ತಪ್ಪು ಅಳತೆಯದು. ರಸ್ತೆ ದಾಟುವವರ ಲೆಕ್ಕವೂ ಹೀಗೇ. ತಲಾ 3.5 ಮೀಟರಿನ ಮೂರು ಪಥ ದಾಟಲು ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ 9 ಸೆಕೆಂಡ್ ಸಾಕು. ಮಂಡಿ ನೋವಿನ ಅಜ್ಜಿಗೆ 13 ಸೆಕೆಂಡಾದರೂ ಬೇಕು, ಸ್ಕೈವಾಕ್‌ನ ಮೆಟ್ಟಿಲಂತೂ ಆಗದ ಮಾತು.

ಇಂಥ ಅಳತೆಗಳು ಸಿಗುವುದು ಅಲ್ಲಿ ನಿಲ್ಲುವವರನ್ನು ಕೇಳಿದಾಗ, ಅದೂ ಟೆಂಡರ್‌ಗೆ ಮುಂಚೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ. ಉಕ್ಕಿನ ಸೇತುವೆ ಕಟ್ಟುತ್ತೇವೆ ಎಂದು ಸರ್ಕಾರ ಹೊರಟಾಗ ಆದದ್ದು ಗೊತ್ತಲ್ಲ. 1,791 ಕೋಟಿ ರೂಪಾಯಿ ವೆಚ್ಚ, ಕಡಿಯಬೇಕಿದ್ದ 812 ಮರಗಳು. 2016ರ ಅಕ್ಟೋಬರ್‌ನಲ್ಲಿ ಜನ ಮಾನವ ಸರಪಳಿ ಕಟ್ಟಿದರು, 2017ರ ಮಾರ್ಚ್‌ನಲ್ಲಿ ಯೋಜನೆ ಕೈಬಿಟ್ಟರು. ನಿರ್ಧಾರವಾದ ಮೇಲೆ ಬರುವ ಅಭಿಪ್ರಾಯಕ್ಕೆ ಬೇಕು ಅಥವಾ ಬೇಡ ಎನ್ನುವುದೊಂದೇ ದಾರಿ ಉಳಿದಿರುತ್ತದೆ. ಹೀಗೆ ಮಾಡಿ ಎಂದು ಹೇಳುವ ಹಂತ ಅಷ್ಟರಲ್ಲಿ ಮುಗಿದಿರುತ್ತದೆ.

ಕೇಳುವ ಕ್ರಮವೂ ಮುಖ್ಯ. ಎಂಜಿನಿಯರಿಂಗ್ ನಕ್ಷೆಯನ್ನು ವೆಬ್‌ಸೈಟಿಗೆ ಹಾಕಿ ಆಕ್ಷೇಪಣೆ ಕರೆದರೆ ಬರುವುದು ಓದಬಲ್ಲ ಕೆಲವರ ಪತ್ರ ಮಾತ್ರ. ಮೊದಲು ಬೆಳಿಗ್ಗೆ ಮತ್ತು ಸಂಜೆಯ ಜನಜಂಗುಳಿಯಲ್ಲಿ ಕಂಡಕ್ಟರ್, ಆಟೊದವರು, ತಳ್ಳುಗಾಡಿಯವರ ಜೊತೆ ಜಾಗದಲ್ಲೇ ನಡೆಯಬೇಕು. ಯಾರು ಎಲ್ಲಿಂದ ಎಲ್ಲಿಗೆ ದಾಟುತ್ತಾರೆ ಎಂದು ಗುರುತು ಹಾಕಬೇಕು. ಆಮೇಲೆ ಯೋಜಿತ ಪಥ, ಬಸ್ ಬೇ (ಬಸ್ಸು ಪಕ್ಕಕ್ಕೆ ಸರಿದು ನಿಲ್ಲುವ ಜಾಗ), ದಾಟುವ ಜಾಗಗಳನ್ನು ಕೋನ್ ಮತ್ತು ಸುಣ್ಣದ ಗೆರೆಯಲ್ಲಿ ರಸ್ತೆ ಮೇಲೇ ಎಳೆದು ಒಂದೆರಡು ವಾರ ಓಡಿಸಿ ನೋಡಬೇಕು. ಬಸ್ ಬೇಯನ್ನು ರ್‍ಯಾಂಪ್ ಇಳಿಯುವ ತುದಿಗೇ ಅಂಟಿಸಿದರೆ ಎಡಕ್ಕೆ ಬರುವ ಬಸ್ಸೂ ಬಲಕ್ಕೆ ಹೋಗುವ ಕಾರೂ ಕತ್ತರಿ ಹಾಕುವುದು ಮೊದಲ ದಿನವೇ ಕಾಣುತ್ತದೆ. ಕೋನ್ ಆದರೆ ಎತ್ತಿಡಬಹುದು, ಕಾಂಕ್ರೀಟ್ ಆದರೆ ಒಡೆಯಬೇಕು. ಕೊನೆಗೆ ಯಾವ ಸಲಹೆ ಒಪ್ಪಿದೆವು, ಯಾವುದನ್ನು ಬಿಟ್ಟೆವು, ಏಕೆ ಎಂಬ ಪಟ್ಟಿ ಹೊರಬರಬೇಕು. ಬಹಳ ಕಡೆ ತಪ್ಪಿಹೋಗುವುದು ಈ ಒಂದು ಕೆಲಸವೇ, ಜನ ಎರಡನೆಯ ಸಭೆಗೆ ಬಾರದಿರುವುದೂ ಅದಕ್ಕೇ.

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆಯ ಯೋಜನೆಯಿದೆ. ಅದರ ರ್‍ಯಾಂಪ್ ಎಲ್ಲಿ ಮೇಲೇಳುತ್ತದೆ, ಬಸ್‌ಸ್ಟಾಪ್ ಎಲ್ಲಿಗೆ ಹೋಗುತ್ತದೆ ಎಂಬ ಚಿತ್ರವನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಗುತ್ತಿಗೆದಾರರು ಅಗೆಯುವ ಮೊದಲೇ ಇದೇ ಬಸ್‌ಸ್ಟಾಪಿನಲ್ಲಿ ಹಾಕಬೇಕು.