ಗುಗಾ ಅಥವಾ ಮರಿಯಾ ಬುಯೆನೊ: ಬ್ರೆಜಿಲ್ ಟೆನಿಸ್ ಯಾರಿಂದ ಶುರು ಮಾಡಬೇಕು?

ಆಟ ನೋಡುವ ಖುಷಿ ಬೇಕಾದರೆ ಗುಗಾ, ಅಂದರೆ ಗುಸ್ತಾವೊ ಕುಯರ್ಟೆನ್. 1997ರ ಫ್ರೆಂಚ್ ಓಪನ್‌ಗೆ ಬಂದಾಗ ಅವರ ರ್‍ಯಾಂಕ್ 66. ಮಸ್ಟರ್, ಕಾಫೆಲ್ನಿಕೊವ್, ಬ್ರುಗೇರಾ, ಹೀಗೆ ಮೂವರು ಮಾಜಿ ಚಾಂಪಿಯನ್ನರನ್ನು ಸೋಲಿಸಿ ಕಪ್ ಎತ್ತಿದರು. ಎಂಥ ಧೈರ್ಯ ಅಲ್ವಾ! 2000 ಮತ್ತು 2001ರಲ್ಲಿ ಮತ್ತೆ ಗೆದ್ದರು. 2000ದ ಕೊನೆಗೆ ಲಿಸ್ಬನ್‌ನ ವರ್ಷಾಂತ್ಯದ ಟೂರ್ನಿಯಲ್ಲಿ ಸ್ಯಾಂಪ್ರಾಸ್, ಅಗಾಸಿ ಇಬ್ಬರನ್ನೂ ಮಣಿಸಿ ವರ್ಷದ ನಂಬರ್ 1 ಆದರು. ಮೊದಲು 2001ರ ಫ್ರೆಂಚ್ ಓಪನ್‌ನಲ್ಲಿ ಅಮೆರಿಕದ ಮೈಕಲ್ ರಸೆಲ್ ವಿರುದ್ಧದ ಪಂದ್ಯ ನೋಡಿ. ಎರಡು ಸೆಟ್ ಹಿಂದಿದ್ದು, ಇನ್ನೊಂದು ಪಾಯಿಂಟ್ ಹೋದರೆ ಸೋಲು ಎನ್ನುವ ಮ್ಯಾಚ್ ಪಾಯಿಂಟ್‌ನಿಂದ ಪಾರಾಗಿ ಗೆದ್ದರು. ಆಮೇಲೆ ರಾಕೆಟ್‌ನಿಂದ ಮಣ್ಣಿನ ಮೇಲೆ ಹೃದಯದ ಚಿತ್ರ ಬರೆದರು. ಸೊಂಟದ ಗಾಯ ಮಾತ್ರ ಅವರ ಒಳ್ಳೆಯ ವರ್ಷಗಳನ್ನು ಕಿತ್ತುಕೊಂಡಿತು. 2008ರಲ್ಲಿ ಪ್ಯಾರಿಸ್‌ನಲ್ಲೇ ನಿವೃತ್ತಿ.

ಸಾಧನೆಯನ್ನೇ ಅಳೆಯುವುದಾದರೆ ಬುಯೆನೊ ಮುಂದೆ, ಇದರಲ್ಲಿ ನನಗೆ ಅನುಮಾನವಿಲ್ಲ. ಸಿಂಗಲ್ಸ್‌ನಲ್ಲಿ ವಿಂಬಲ್ಡನ್ 3, ಅಮೆರಿಕದ ಕಿರೀಟ 4. 1960ರಲ್ಲಿ ಡಬಲ್ಸ್‌ನ ನಾಲ್ಕೂ ದೊಡ್ಡ ಕಿರೀಟ ಅವರದೇ. ಗುಗಾಗೆ ಒಗ್ಗಿದ್ದು ಜೇಡಿಮಣ್ಣಿನ ಅಂಕಣ, ಇವರಿಗೆ ಹುಲ್ಲಿನ ಅಂಕಣ. ಇಷ್ಟೆಲ್ಲ ಗೆದ್ದದ್ದು ಬಹುಮಾನದ ಹಣವೇ ಇಲ್ಲದ ಹವ್ಯಾಸಿ ಕಾಲದಲ್ಲಿ. ಹಳೆಯ ಟೆನಿಸ್ ಇಷ್ಟವಿದ್ದರೆ ಇವರಿಂದಲೇ ಶುರು ಮಾಡಿ.