ಟರ್ಬೊ ಬೂಸ್ಟ್ ಅಳೆಯುವ ಮೂರು ವಿಧಾನಗಳು: ಆಗುಂಬೆ ಘಾಟಿಯಲ್ಲಿ ಮಾಡಿದ ಹೋಲಿಕೆ

ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಗೆ ಏರುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಪ್ರತಿ ತಿರುವಿನಲ್ಲಿಯೂ ಗಾಡಿಯ ವೇಗ ಪೂರ್ತಿ ಇಳಿದು, ತಿರುವು ಮುಗಿದೊಡನೆ ಮತ್ತೆ ಕಡಿಮೆ ಆರ್‌ಪಿಎಂನಿಂದ ಎಳೆಯಬೇಕಾಗುವುದರಿಂದ ಟರ್ಬೊ ಸರಿಯಿದೆಯೋ ಇಲ್ಲವೋ ಎಂಬುದು ಇಲ್ಲಿ ಬೇಗ ತಿಳಿಯುತ್ತದೆ. ಕಳೆದ ಮಳೆಗಾಲಕ್ಕೆ ಸ್ವಲ್ಪ ಮೊದಲು ನನ್ನ ಡೀಸೆಲ್ ಫೋರ್‌ವೀಲ್ ಡ್ರೈವ್ ಜೀಪು ಈ ತಿರುವುಗಳ ನಂತರ ಎಳೆಯದೆ ತಡವರಿಸತೊಡಗಿತು. ಎಚ್ಚರಿಕೆಯ ದೀಪ ಉರಿದಿರಲಿಲ್ಲ, ಹೊಗೆಯೂ ಹೆಚ್ಚಿರಲಿಲ್ಲ. ಒಂದು ವರ್ಕ್‌ಶಾಪಿನವರು ಗಾಡಿಯನ್ನು ಅರ್ಧ ಕಿಲೋಮೀಟರು ಓಡಿಸಿ ನೋಡಿ, ಟರ್ಬೊ ಬದಲಿಸಬೇಕೆಂದು ಹೇಳಿದರು. ಯಾವ ಅಳತೆಯನ್ನೂ ತೆಗೆಯದೆ ಅಷ್ಟು ದೊಡ್ಡ ಖರ್ಚಿಗೆ ಒಪ್ಪಲು ನನಗೆ ಮನಸ್ಸಾಗಲಿಲ್ಲ. ಆದ್ದರಿಂದ ಟರ್ಬೊ ಇಂಜಿನಿಗೆ ತಳ್ಳುವ ಗಾಳಿಯ ಹೆಚ್ಚುವರಿ ಒತ್ತಡವನ್ನು, ಅಂದರೆ ಬೂಸ್ಟನ್ನು, ನಾನೇ ಅಳೆದು ನೋಡಲು ನಿರ್ಧರಿಸಿ, ಮೂರು ಸಾಧನಗಳನ್ನು ಒಂದೇ ಗಾಡಿಯಲ್ಲಿ, ಒಂದೇ ದಾರಿಯಲ್ಲಿ ಪರೀಕ್ಷಿಸಿದೆ.

ಮೊದಲನೆಯದು ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಕಿಂಡಿ) ಸಿಕ್ಕಿಸುವ ಇಎಲ್‌ಎಂ 327 ಮಾದರಿಯ ಬ್ಲೂಟೂತ್ ಪ್ಲಗ್ಗು ಮತ್ತು ಮೊಬೈಲಿನ ಆ್ಯಪ್. ಒಂದು ಸ್ಕ್ರೂ ಬಿಚ್ಚುವ ಕೆಲಸವೂ ಇಲ್ಲದಿರುವುದು ಇದರ ದೊಡ್ಡ ಅನುಕೂಲ. ಆದರೆ ಇದು ತಾನಾಗಿ ಏನನ್ನೂ ಅಳೆಯುವುದಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿರುವ (ಇಂಜಿನಿಗೆ ಗಾಳಿ ಹಂಚುವ ಕೊಳವೆ) ಮ್ಯಾಪ್ ಸೆನ್ಸರ್, ಅಂದರೆ ಅಲ್ಲಿನ ಗಾಳಿಯ ಒತ್ತಡ ಅಳೆಯುವ ಸೆನ್ಸರ್, ಇಂಜಿನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ಹೇಳಿದ್ದನ್ನು ಓದಿ ತೋರಿಸುತ್ತದೆ, ಅಷ್ಟೆ. ಅಲ್ಲದೆ ಆ ಸೆನ್ಸರ್ ಹೇಳುವುದು ವಾತಾವರಣದ ಒತ್ತಡವೂ ಸೇರಿದ ಪೂರ್ಣ ಒತ್ತಡ. ಇಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿದರೆ ಸಮುದ್ರ ಮಟ್ಟದ ಮಂಗಳೂರಿನಲ್ಲಿ ಅದು 101 ಕಿಲೊಪ್ಯಾಸ್ಕಲ್ ಆಸುಪಾಸು ಇರಬೇಕು; 1.2 ಬಾರ್ (120 ಕಿಲೊಪ್ಯಾಸ್ಕಲ್) ಬೂಸ್ಟ್ ಬಂದಾಗ 221 ಆಗಬೇಕು. ಸುಮಾರು 640 ಮೀಟರ್ ಎತ್ತರದ ಆಗುಂಬೆಯಲ್ಲಿ ವಾತಾವರಣದ ಒತ್ತಡವೇ 94ರ ಹತ್ತಿರಕ್ಕೆ ಇಳಿಯುತ್ತದೆ. ಎಲ್ಲ ಕಡೆಯೂ 101ನ್ನೇ ಕಳೆಯುವ ಆ್ಯಪ್‌ಗಳು ಘಾಟಿಯ ಮೇಲೆ ಬೂಸ್ಟನ್ನು 0.07 ಬಾರ್‌ನಷ್ಟು ಕಡಿಮೆ ತೋರಿಸುತ್ತವೆ. ಇಸಿಯು ಕೊಡುವ ಬ್ಯಾರೊಮೀಟರ್ ಅಂಕಿಯನ್ನೇ ಬಳಸುವಂತೆ ಆ್ಯಪನ್ನು ಹೊಂದಿಸಿಕೊಂಡರೆ ಈ ದೋಷ ಹೋಗುತ್ತದೆ.

ಇನ್ನೊಂದು ಮಿತಿಯನ್ನು ಹೊಸ ಗಾಡಿಗಳವರು ಗಮನಿಸಬೇಕು. ಸಾಮಾನ್ಯ ಓಬಿಡಿ ಸಂದೇಶದಲ್ಲಿ ಮ್ಯಾನಿಫೋಲ್ಡ್ ಒತ್ತಡಕ್ಕೆ ಮೀಸಲಾಗಿರುವುದು ಒಂದೇ ಬೈಟ್, ಅಂದರೆ ಅಂಕಿ 255 ಕಿಲೊಪ್ಯಾಸ್ಕಲ್‌ಗಿಂತ ಮೇಲೆ ಹೋಗುವುದಿಲ್ಲ. ಕರಾವಳಿಯಲ್ಲಿ ಇದು ಸುಮಾರು 1.54 ಬಾರ್ ಬೂಸ್ಟಿಗೆ ಸಮ. ಸ್ನೇಹಿತರೊಬ್ಬರ ಹೊಸ ಗಾಡಿಗೆ ನನ್ನ ಪ್ಲಗ್ಗು ಹಾಕಿ ನೋಡಿದಾಗ ಅಂಕಿ 255ಕ್ಕೆ ಏರಿ ಅಲ್ಲಿಯೇ ನಿಂತಿತು. ಅವರು ಅದನ್ನೇ ಗರಿಷ್ಠ ಒತ್ತಡವೆಂದು ನಂಬಿದ್ದರು.

ಎರಡನೆಯದು ಹಳೆಯ ಪದ್ಧತಿಯ ಮೆಕ್ಯಾನಿಕಲ್ ಗೇಜು. ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ನಂತರದ ಹೋಸಿಗೆ ಟಿ-ಜಾಯಿಂಟ್ ಹಾಕಿ, 4 ಮಿಲಿಮೀಟರಿನ ನೈಲಾನ್ ಕೊಳವೆಯನ್ನು ಫೈರ್‌ವಾಲಿನ ರಬ್ಬರ್ ಬುಶ್ ಮೂಲಕ ಡ್ಯಾಶ್‌ಬೋರ್ಡಿಗೆ ತರಬೇಕು. ಇಂಟರ್‌ಕೂಲರಿಗೆ ಮೊದಲೇ ಜೋಡಿಸಿದರೆ ಅಂಕಿ ಹೆಚ್ಚು ಬರುತ್ತದೆ, ಏಕೆಂದರೆ ಗಾಳಿ ಇಂಟರ್‌ಕೂಲರಿನೊಳಗೆ ಹಾದುಹೋಗುವಾಗ ಒತ್ತಡ ಸ್ವಲ್ಪ ಕಳೆದುಹೋಗುತ್ತದೆ. ಇಂಜಿನಿಗೆ ನಿಜವಾಗಿ ಸಿಗುವುದು ಅದರ ನಂತರದ ಒತ್ತಡ. ಜೋಡಣೆಗೆ ನನಗೆ ಮತ್ತು ಕಾವೂರಿನ ಒಬ್ಬ ಮೆಕ್ಯಾನಿಕರಿಗೆ ಅರ್ಧ ದಿನ ಹಿಡಿಯಿತು. ಟರ್ಬೊದ ಬಿಸಿಗೆ ಕೊಳವೆ ಮೆತ್ತಗಾಗದಂತೆ ಅದನ್ನು ಬಳಸು ದಾರಿಯಲ್ಲಿ ಒಯ್ಯುವುದಕ್ಕೇ ಹೆಚ್ಚು ಹೊತ್ತು ಬೇಕಾಯಿತು.

ಪರೀಕ್ಷೆಯ ಕ್ರಮವನ್ನೂ ಹೇಳಬೇಕು. ಗಾಡಿ ನಿಲ್ಲಿಸಿ ಎಷ್ಟು ರೇಸ್ ಮಾಡಿದರೂ ಡೀಸೆಲ್ ಇಂಜಿನಿಗೆ ಭಾರ ಬೀಳದ ಕಾರಣ ಬೂಸ್ಟ್ ಸರಿಯಾಗಿ ಏರುವುದಿಲ್ಲ. ಫೋರ್‌ವೀಲ್ ಲೋ ಹಾಕಿದರೂ ಅದೇ ಕಥೆ. ಗೇರು ಬಹಳ ತಗ್ಗುವುದರಿಂದ ಇಂಜಿನ್ ಹಗುರವಾಗಿ ಓಡುತ್ತದೆ, ಜೊತೆಗೆ ಪಾರ್ಟ್‌ಟೈಮ್ ಫೋರ್‌ವೀಲನ್ನು ಒಣ ಡಾಂಬರಿನ ಮೇಲೆ ಬಳಸಿದರೆ ಡ್ರೈವ್‌ಲೈನಿಗೆ ಪೆಟ್ಟು. ಹಾಗಾಗಿ ಟೂವೀಲ್ ಹೈಯಲ್ಲಿ, ಮೂರನೇ ಗೇರಿನಲ್ಲಿ, ಎರಡು ತಿರುವುಗಳ ನಡುವಿನ ನೇರ ಏರಿನಲ್ಲಿ 1500 ಆರ್‌ಪಿಎಂನಿಂದ ಪೂರ್ತಿ ಎಕ್ಸಲರೇಟರ್ ಒತ್ತಿದೆ. ಜನಸಂಚಾರ ಶುರುವಾಗುವ ಮೊದಲು, ಬೆಳಗಿನ ಜಾವವೇ ಹೋಗಿದ್ದೆವು. ಪಕ್ಕದಲ್ಲಿ ಕುಳಿತ ತಂಗಿಯ ಮಗ ಗೇಜು ಮತ್ತು ಮೊಬೈಲು ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ವಿಡಿಯೊ ತೆಗೆದ. ಹೆಚ್ಚು ಅಂಕಿಗಳನ್ನು ಕೇಳಿದಷ್ಟೂ ಪ್ಲಗ್ಗು ನಿಧಾನವಾಗುವುದರಿಂದ ಆ್ಯಪಿನಲ್ಲಿ ಮ್ಯಾಪ್ ಸೆನ್ಸರಿನ ಅಂಕಿ ಒಂದನ್ನೇ ಉಳಿಸಿದ್ದೆ.

ಮನೆಗೆ ಬಂದು ವಿಡಿಯೊವನ್ನು ನಿಧಾನವಾಗಿ ಓಡಿಸಿ ನೋಡಿದಾಗ ವಿಷಯ ಸ್ಪಷ್ಟವಾಯಿತು. ಗೇಜಿನ ಮುಳ್ಳು ಎರಡು ಮೂರು ಸೆಕೆಂಡುಗಳಲ್ಲಿ 1.1 ಬಾರ್ ಮುಟ್ಟಿತ್ತು. ಆ ಕ್ಷಣದಲ್ಲಿ ಮೊಬೈಲಿನ ಅಂಕಿ 0.6 ಮಾತ್ರ. ಉದ್ದದ ಏರಿನಲ್ಲಿ ಕಾಲು ತೆಗೆಯದೆ ಒತ್ತಿಯೇ ಇದ್ದಾಗ ಮೊಬೈಲು ತೆವಳುತ್ತ ಬಂದು ಕೊನೆಗೆ ಗೇಜಿನ ಅಂಕಿಯನ್ನೇ ಸೇರಿತು. ಎರಡೂ ತಲುಪುವ ಜಾಗ ಒಂದೇ, ತಲುಪುವ ಹೊತ್ತು ಮಾತ್ರ ಬೇರೆ. ಕೀಲಿ ತಿರುಗಿಸಿ ನೋಡಿದಾಗ 101 ಸರಿಯಾಗಿಯೇ ಬರುತ್ತಿದ್ದುದರಿಂದ ಸೆನ್ಸರನ್ನು ನಾನು ಅನುಮಾನಿಸಿಯೇ ಇರಲಿಲ್ಲ. ವಿಡಿಯೊ ನೋಡಿದ ಮೆಕ್ಯಾನಿಕ್ ಹೇಳಿದ್ದು ಇಷ್ಟೇ: “ಟರ್ಬೊ ಹೋಗಿಲ್ಲ ಮಾರಾಯ್ರೆ, ಗಾಳಿ ಸರಿಯೇ ಉಂಟು. ಸೆನ್ಸರ್ ಬಿಚ್ಚಿ ನೋಡುವ.”

ಬಿಚ್ಚಿದಾಗ ಸೆನ್ಸರಿನ ಸಣ್ಣ ರಂಧ್ರದೊಳಗೆ ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆಯಂತಹ ಮಸಿ ಗಟ್ಟಿಯಾಗಿ ಕೂತಿತ್ತು. ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನಿಗೆ ಕಳಿಸುವ ಇಜಿಆರ್ ಮೂಲಕ ಬರುವ ಮಸಿಯೂ ಇಂಜಿನಿನ ಒಳಗಿನ ಆವಿಯನ್ನು ಹೊರಬಿಡುವ ಬ್ರೀದರಿನಿಂದ ಬರುವ ಎಣ್ಣೆಯ ಆವಿಯೂ ಇನ್‌ಟೇಕಿನಲ್ಲಿ ಸೇರಿದಾಗ ಆಗುವ ಕೆಲಸ ಇದು. ಮಸಿಯ ಬಿರಡೆಯ ಹಿಂದೆ ಒತ್ತಡ ತಡವಾಗಿ ತಲುಪುತ್ತಿದ್ದ ಕಾರಣ ಇಸಿಯು ಗಾಳಿ ಸಾಲದೆಂದು ತಿಳಿದು ಡೀಸೆಲನ್ನು ತಡೆಹಿಡಿಯುತ್ತಿತ್ತು. ಹೊಗೆ ಬರದೆ ಎಳೆತ ಮಾತ್ರ ಕಡಿಮೆಯಾದದ್ದು ಇದಕ್ಕಾಗಿ. ಪಿನ್ನು ಚುಚ್ಚದೆ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯಿಂದ ತೊಳೆದು ಒಣಗಿಸಿ ಹಾಕಿದ ಮೇಲೆ ಮುಳ್ಳೂ ಮೊಬೈಲೂ ಬಹುತೇಕ ಒಟ್ಟಿಗೇ ಏರಿದವು. ಓಬಿಡಿ ಒಂದನ್ನೇ ನಂಬಿದ್ದರೆ ಸರಿಯಿದ್ದ ಟರ್ಬೊವನ್ನು ತೆಗೆಸಿಬಿಡುತ್ತಿದ್ದೆ.

ಮೂರನೆಯದಾದ ಎಲೆಕ್ಟ್ರಾನಿಕ್ ಗೇಜಿಗೆ ತನ್ನದೇ ಸೆನ್ಸರ್ ಇರುತ್ತದೆ, ಒಳಗೆ ಬರುವುದು ವೈರ್ ಮಾತ್ರ. ಅಂಕಿಗಳು ಮೆಕ್ಯಾನಿಕಲ್ ಗೇಜಿಗೆ ಸರಿಹೊಂದಿದವು, ರಾತ್ರಿ ಓದಲು ಇನ್ನೂ ಸುಲಭ. ಆದರೆ ನಮ್ಮ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ಅದರ ಕನೆಕ್ಟರಿಗೆ ಹಸಿರು ಕಿಲುಬು ಹಿಡಿದು, ಇಂಜಿನ್ ನಿಂತಿದ್ದಾಗಲೂ ಮುಳ್ಳು 0.2 ತೋರಿಸತೊಡಗಿತು. ಅರ್ತಿಂಗನ್ನು ಉಜ್ಜಿ ಬಿಗಿಮಾಡಿ, ಕನೆಕ್ಟರಿಗೆ ಗ್ರೀಸು ತುಂಬಿದ ಮೇಲೆ ಸೊನ್ನೆಗೆ ಬಂತು. ಮೆಕ್ಯಾನಿಕಲ್ ಗೇಜಿನ ಎರಡೂವರೆ ಪಟ್ಟು ಬೆಲೆ ಕೊಟ್ಟದ್ದಕ್ಕೆ ಸಿಕ್ಕಿದ್ದು ಅಂದವೇ ಹೊರತು ಹೆಚ್ಚಿನ ಸತ್ಯವಲ್ಲ ಎಂಬುದು ನನ್ನ ಅಭಿಪ್ರಾಯ.

ಕೋಡ್ ಓದಲು, ನೀರಿನ ತಾಪ ನೋಡಲು ಓಬಿಡಿ ಪ್ಲಗ್ಗು ಈಗಲೂ ಗ್ಲವ್ ಬಾಕ್ಸಿನಲ್ಲಿದೆ. ಡ್ಯಾಶ್‌ಬೋರ್ಡಿನಲ್ಲಿ ಉಳಿದಿರುವುದು ಮೆಕ್ಯಾನಿಕಲ್ ಗೇಜು. ಬಿಸಿಗೆ ನೈಲಾನ್ ಕೊಳವೆ ಸೀಳಿದರೆ ಅದೂ ಸುಳ್ಳು ಹೇಳುತ್ತದೆ. ಹೀಗಾಗಿ ವರ್ಷಕ್ಕೊಮ್ಮೆ, ಪತ್ತನಾಜೆ (ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲೆನಿಸುವ, ಮೇ ಕೊನೆಯ ದಿನ) ಬರುವ ಮುಂಚೆ, ಕೊಳವೆ ಬದಲಿಸಿ ಮ್ಯಾಪ್ ಸೆನ್ಸರನ್ನು ತೊಳೆದು ಹಾಕಿ, ಸೋಮೇಶ್ವರದಿಂದ ಮೇಲಕ್ಕೆ ಒಂದು ಸುತ್ತು ಹೋಗಿ ಎರಡೂ ಅಂಕಿಗಳನ್ನು ಬರೆದಿಟ್ಟುಕೊಳ್ಳುತ್ತೇನೆ.